ಹೊಲಿಗೆಗೆ ಬಿಟ್ಟ ಒಂದು ಸೆಂಟಿಮೀಟರ್

ಫೆಬ್ರುವರಿ 6

ಪ್ರಿಯ ಭಾಮೈದ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಆದರೂ ಒಡೆದೆಯಲ್ಲ, ಸದ್ಯಕ್ಕೆ ಅಷ್ಟು ಸಾಕು. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಓದಿ ಮುಗಿಸಿಯೇ ಹರಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸದ ವಿಷಯ. ನಿನ್ನ ಅಕ್ಕನ ರೆಕಾರ್ಡ್ ಪ್ಲೇಯರ್ ಕೆಟ್ಟಿದೆ. ತಟ್ಟೆ ಚೆನ್ನಾಗಿಯೇ ತಿರುಗುತ್ತದೆ. ಬೆಲ್ಟು ಗಿಲ್ಟು ಇಲ್ಲದೆ ಮೋಟಾರಿನ ಮೇಲೇ ನೇರವಾಗಿ ತಟ್ಟೆ ಕೂತಿರುವ ಡೈರೆಕ್ಟ್ ಡ್ರೈವ್ ಅದು. ನಿನ್ನ ಮೊದಲ ಸಂಬಳದಲ್ಲಿ ಆರಿಸಿ ತಂದು, "ಇಪ್ಪತ್ತು ವರ್ಷ ಇದನ್ನ ಯಾರೂ ಮುಟ್ಟಬೇಕಾಗಿಲ್ಲ" ಅಂದಿದ್ದೆ. ಹದಿನೈದು ವರ್ಷ ಮುಟ್ಟಲಿಲ್ಲ ನೋಡು. ಕೆಟ್ಟಿರುವುದು ಮುಳ್ಳು ಹಿಡಿಯುವ ಕೈ, ನೀವು ಟೋನ್‌ಆರ್ಮ್ ಅನ್ನುತ್ತೀರಲ್ಲ, ಅದು. ಬುಡದ ಕೀಲು ಸವೆದು ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಪಿಟೀಲಿನ ರೆಕಾರ್ಡು ಹಾಕಿದರೆ ಮೂರನೇ ನಿಮಿಷಕ್ಕೆ ಮುಳ್ಳು ಎಗರಿ ಮತ್ತೆ ಹಿಂದಕ್ಕೆ ಬರುತ್ತದೆ. ರಿಪೇರಿಯವನಿಗೆ ತೋರಿಸಿದೆ. "ಈ ಕಂಪನಿದು ಈಗ ಬರಲ್ಲ ಯಜಮಾನ್ರೇ, ಹೊರಗಿನವರು ಮಾಡಿದ ಕೈ ಹಾಕಿಸ್ಕೊಳ್ಳಿ" ಅಂದ. ಅಂಥ ಕೈಗಳನ್ನು ಲೇತಿನಲ್ಲಿ ಕಡೆದು ಜೋಡಿಸುವವರಲ್ಲಿ ನನಗೆ ಗೊತ್ತಿರುವುದು ನೀನೊಬ್ಬನೇ.

ಭಾವನಿಗೆ ಈ ವಯಸ್ಸಿನಲ್ಲಿ ಸಂಗೀತದ ಹುಚ್ಚು ಯಾಕೆ ಹತ್ತಿತು ಅಂತ ನೀನು ಕೇಳಬಹುದು. ಹತ್ತಿಲ್ಲ. ನಾನು ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದೆ, ಅವಳು ಒಳಗಿನ ಕೋಣೆಯಲ್ಲಿ ರೆಕಾರ್ಡು ಹಾಕಿಕೊಂಡಿರುತ್ತಿದ್ದಳು. ಮೆಷೀನಿನ ಸದ್ದಿನಲ್ಲಿ ನನಗೆ ಕೇಳಿಸುತ್ತಿದ್ದದ್ದು ದಾರ ಬದಲಾಯಿಸುವಾಗ ಎರಡು ನಿಮಿಷ, ಗುಂಡಿ ಹಚ್ಚುವಾಗ ಐದು ನಿಮಿಷ. ಒಂದು ರೆಕಾರ್ಡನ್ನೂ ಪೂರ್ತಿ ಕೇಳಿದವನಲ್ಲ. ಈಗ ಮೆಷೀನು ನಿಲ್ಲಿಸಿದರೆ ಒಳಗಿನಿಂದ ಏನೂ ಬರುವುದಿಲ್ಲ. ಅದು ನನಗೆ ಅಭ್ಯಾಸವಾಗುತ್ತಿಲ್ಲ. ಹಾಗಾಗಿ ಮೆಷೀನು ನಿಲ್ಲಿಸುವುದನ್ನೇ ಕಡಿಮೆ ಮಾಡಿದ್ದೇನೆ.

ಇನ್ನೊಂದು ಮಾತನ್ನು ಬರೆಯದೆ ಮುಗಿಸಿದರೆ ನಾನು ನಾಟಕ ಆಡಿದ ಹಾಗಾಗುತ್ತದೆ. ಅವಳು ಆಸ್ಪತ್ರೆಯಲ್ಲಿದ್ದ ಐದು ವಾರ ನಿನಗೆ ಒಂದು ಮಾತೂ ತಿಳಿಸಲಿಲ್ಲ. ತಿಳಿಸಬೇಡಿ ಅಂತ ಅವಳೇ ಭಾಷೆ ತೆಗೆದುಕೊಂಡಿದ್ದಳು. "ಎರಡು ವರ್ಷ ಅಲೆದು ಈಗ ತಾನೇ ಅವನಿಗೆ ಕೆಲಸ ಸಿಕ್ಕಿದೆ. ಗೊತ್ತಾದ್ರೆ ಎಲ್ಲ ಬಿಟ್ಟು ಓಡಿ ಬಂದುಬಿಡ್ತಾನೆ. ಎದ್ದ ಮೇಲೆ ನಾನೇ ಹೇಳ್ತೀನಿ" ಅಂದಳು. ಏಳಲಿಲ್ಲ. ನಾನು ಅವಳ ಮಾತು ಉಳಿಸಿಕೊಂಡು ನಿನ್ನನ್ನು ಕಳೆದುಕೊಂಡೆ. "ಇನ್ನು ನಿಮಗೂ ನನಗೂ ಏನಿದೆ ಭಾವ?" ಅಂತ ಬಾಗಿಲಲ್ಲಿ ನಿಂತು ಕೇಳಿ ಹೋದೆಯಲ್ಲ, ಹದಿನಾಲ್ಕು ತಿಂಗಳಾಯಿತು. ಇರುವುದು ಈ ರೆಕಾರ್ಡ್ ಪ್ಲೇಯರ್ ಒಂದೇ, ಅದಕ್ಕೇ ಅದರ ವಿಷಯ ಬರೆದೆ.

ನಿನ್ನ ಭಾವ


ಫೆಬ್ರುವರಿ 25

ಭಾವನವರಿಗೆ,

ಕಾಗದ ತಲುಪಿದೆ. ಕೈ ಮಾಡಿಕೊಡುತ್ತೇನೆ.

ಅಕ್ಕನ ವಿಷಯ ಬರೆಯಬೇಡಿ. ಹೇಳಬೇಕಾಗಿದ್ದಾಗ ಹೇಳಲಿಲ್ಲ, ಈಗ ಕೇಳುವ ಮನಸ್ಸು ನನಗಿಲ್ಲ. ಆರನೇ ವಯಸ್ಸಿನಿಂದ ನನ್ನನ್ನು ಸಾಕಿದವಳು ಐದು ವಾರ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಇಲ್ಲಿ ಸಿನಿಮಾ ನೋಡುತ್ತಿದ್ದೆ, ಹರಟೆ ಹೊಡೆಯುತ್ತಿದ್ದೆ. ಅದನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ. ಆದ್ದರಿಂದ ಕೆಲಸದ ಮಾತು ಮಾತ್ರ.

ಯಂತ್ರವನ್ನು ಪಾರ್ಸೆಲ್ ಮಾಡಬೇಡಿ. ಹದಿಮೂರು ಕಿಲೋ ಇದೆ, ದಾರಿಯಲ್ಲಿ ಒಡೆಯುತ್ತದೆ. ನಾನು ಬರುವುದಿಲ್ಲ. ನಾನು ಹೇಳಿದ ಹಾಗೆ ನೀವೇ ಕೂರಿಸಬೇಕು.

ಹಳೆಯ ಕೈ ಕೂತಿರುವುದು ಹಿಂಬದಿಯ ಬಲ ಮೂಲೆಯಲ್ಲಿ ಒಂದು ಸಣ್ಣ ಹಲಗೆಯ ಮೇಲೆ. ಅಡಿಯಿಂದ ನಾಲ್ಕು ಸ್ಕ್ರೂ ಬಿಚ್ಚಿದರೆ ಹಲಗೆ ಸಮೇತ ಬರುತ್ತದೆ. ಅದರ ಆಕಾರ ಮತ್ತು ದಪ್ಪ ನನಗೆ ಬೇಕು. ಬಿಚ್ಚುವ ಮೊದಲು ತಟ್ಟೆಯನ್ನು ನೆಟ್ಟಗೆ ಮೇಲಕ್ಕೆ ಎತ್ತಿ ತೆಗೆದಿಡಿ. ಅದರ ಅಡಿಯಲ್ಲಿ ಮೋಟಾರಿನ ಅಯಸ್ಕಾಂತ ಇದೆ. ಕಬ್ಬಿಣದ ಚೂರು ಒಂದು ಸೇರಿದರೂ ಕೆರೆಯುತ್ತದೆ, ಜಾಗ್ರತೆ.

ಇತಿ,
ತಮ್ಮ ವಿಶ್ವಾಸಿ


ಮಾರ್ಚ್ 12

ಪ್ರಿಯ ಭಾಮೈದ,

"ತಮ್ಮ ವಿಶ್ವಾಸಿ" ಓದಿ ಬ್ಯಾಂಕಿನಿಂದ ನೋಟೀಸು ಬಂತೇನೋ ಅಂದುಕೊಂಡೆ. ಇರಲಿ, ವಿಶ್ವಾಸ ಅನ್ನುವ ಪದವಾದರೂ ಇದೆಯಲ್ಲ.

ತಟ್ಟೆ ಎತ್ತಿ ಎಲ್ಲಿಟ್ಟೆ ಅಂತ ಕೇಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ದರ್ಜಿಯ ಮೇಜಿನ ಮೇಲೆ ಅಯಸ್ಕಾಂತ ಇಡುವ ಬುದ್ಧಿವಂತ ನಾನೊಬ್ಬನೇ ಇರಬೇಕು. ಗುಂಡುಸೂಜಿಗಳೆಲ್ಲ ಮೆರವಣಿಗೆ ಹೊರಟು ಅದರ ಹೊಟ್ಟೆಗೆ ಅಂಟಿಕೊಂಡವು. ಹತ್ತೊಂಬತ್ತನ್ನು ಕಿತ್ತು ತೆಗೆದೆ. ಆಮೇಲೆ ಅಂಗೈಯಲ್ಲಿ ಸವರಿ ನೋಡಿದಾಗ ಇಪ್ಪತ್ತನೆಯದು ಚುಚ್ಚಿತು. ಈಗ ಅಡಿ ಶುದ್ಧವಾಗಿದೆ, ನೀನು ಬೈಯುವ ಹಾಗಿಲ್ಲ.

ಹಲಗೆಯ ಪ್ಯಾಟರ್ನನ್ನು ಕಂದು ಕಾಗದದಲ್ಲಿ ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಅಂಚಿಗೆ ಸೀಸದಕಡ್ಡಿ ಒತ್ತಿ ಗೆರೆ ಎಳೆದೆ, ಕಾಲರಿಗೆ ಎಳೆಯುವ ಹಾಗೆ. ದಪ್ಪಕ್ಕೆ ಅಂತ ಬೇರೆ ಒಂದು ಕಾಗದದ ಪಟ್ಟಿಯನ್ನು ಹಲಗೆಯ ಸುತ್ತ ಮಡಚಿ ಗೆರೆ ಮೂಡಿಸಿದ್ದೇನೆ. ಅಂಕಿ ಬರೆದಿಲ್ಲ. ನೀನೇ ಅಳೆದುಕೋ, ನಿನಗೆ ಮಿಲಿಮೀಟರಿನಲ್ಲಿ ಬೇಕು, ನಮ್ಮದು ಬಟ್ಟೆ ಟೇಪಿನ ಸಂಸಾರ.

ಅಕ್ಕನ ವಿಷಯ ಬರೆಯಬೇಡ ಅಂದೆ, ಬರೆಯುವುದಿಲ್ಲ. ಒಳಗಿನ ಕೋಣೆಯ ವಿಷಯ ಬರೆದರೆ ತಪ್ಪಿಲ್ಲ ತಾನೆ? ಬೆತ್ತದ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇದೆ. ರೆಕಾರ್ಡುಗಳೆಲ್ಲ ಇದ್ದ ಹಾಗೇ ಇವೆ. ಯಾವುದು ಎಲ್ಲಿ ಅಂತ ನನಗೆ ಗೊತ್ತಿಲ್ಲ, ಕೈಗೆ ಸಿಕ್ಕಿದ್ದನ್ನು ತೆಗೆಯುತ್ತೇನೆ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಕುರ್ಚಿಯ ಮೇಲೆ ಬಿಸಿಲು ಬೀಳುತ್ತದೆ. ಗಿರಾಕಿಗಳು ಕಾಯುವಾಗ ಕೂರಲಿ ಅಂತ ಅದನ್ನು ಮುಂದಿನ ಕೋಣೆಗೆ ತರೋಣ ಅಂದುಕೊಂಡೆ. ಹಿಡಿಕೆಯವರೆಗೂ ಕೈ ಹೋಯಿತು, ಎತ್ತಲಾಗಲಿಲ್ಲ. ಗಿರಾಕಿಗಳು ನಿಂತೇ ಇರುತ್ತಾರೆ.

ನಿನ್ನ ಭಾವ


ಏಪ್ರಿಲ್ 3

ಭಾವನವರಿಗೆ,

ನಿಮ್ಮ ಪ್ಯಾಟರ್ನ್ ಚೆನ್ನಾಗಿತ್ತು. ಹೊಸ ಹಲಗೆಯನ್ನು ಅದರ ಮೇಲಿಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಪಾರ್ಸೆಲ್‌ನಲ್ಲಿ ಕೈ, ಹಲಗೆ, ಸ್ಟೀಲ್ ಸ್ಕೇಲು ಮತ್ತು ಡ್ರಿಲ್ಲಿಗೆ ಹಾಕುವ ಬಿಟ್ ಇದೆ. ಹಲಗೆಗೆ ತೂತು ನಾನು ಕೊರೆದಿಲ್ಲ. ತಟ್ಟೆಯ ನಡುವೆ ರೆಕಾರ್ಡಿನ ತೂತಿಗೆ ಸಿಕ್ಕುವ ಕಡ್ಡಿ ಇದೆಯಲ್ಲ, ಆ ಕಡ್ಡಿಯ ನಡುವಿನಿಂದ ಕೈಯ ಕೀಲಿನ ನಡುವಿಗೆ ಇನ್ನೂರ ಇಪ್ಪತ್ತೆರಡು ಮಿಲಿಮೀಟರ್ ಇರಬೇಕು. ಹಲಗೆಯನ್ನು ಜಾಗದಲ್ಲಿ ಕೂರಿಸಿ, ಅಳೆದು, ಗುರುತು ಹಾಕಿ, ಮತ್ತೆ ಬಿಚ್ಚಿ ಹೊರಗೆ ತಂದು ಕೊರೆಯಿರಿ. ನಿಮ್ಮ ಟೇಪು ಬಳಸಬೇಡಿ. ಬಟ್ಟೆಯ ಟೇಪು ವರ್ಷಗಟ್ಟಲೆ ಎಳೆದು ಉದ್ದವಾಗಿರುತ್ತದೆ.

ಈ ಅಳತೆ ತಪ್ಪಬಾರದು. ರೆಕಾರ್ಡನ್ನು ಮೊದಲು ಕೊರೆಯುವಾಗ ಮುಳ್ಳು ಅಂಚಿನಿಂದ ನಡುವಿಗೆ ನೆಟ್ಟಗೆ ಹೋಗಿರುತ್ತದೆ. ನಮ್ಮ ಕೈ ಒಂದು ಕಡೆ ಊರಿಕೊಂಡು ಬಾಗಿಲಿನ ಹಾಗೆ ಸುತ್ತಿ ಬರುತ್ತದೆ. ಎಷ್ಟೇ ಚೆನ್ನಾಗಿ ಕೂರಿಸಿದರೂ ಪೂರ್ತಿ ರೆಕಾರ್ಡಿನಲ್ಲಿ ಎರಡೇ ಕಡೆ ಅದು ಸರಿಯಾಗಿ ನಿಲ್ಲುವುದು, ಉಳಿದ ಕಡೆಯೆಲ್ಲ ಸ್ವಲ್ಪ ಓರೆ. ಆ ಓರೆ ಕಿವಿಗೆ ಗೊತ್ತಾಗದಷ್ಟು ಇರಲಿ ಅಂತಲೇ ಈ ಲೆಕ್ಕ.

ಸರಿಯಾಗಿದೆಯೇ ಎಂದು ನೋಡುವುದು ಹೀಗೆ: ಮುಳ್ಳನ್ನು ಕಡ್ಡಿಯ ಕಡೆಗೆ ತನ್ನಿ. ಅದು ಕಡ್ಡಿಯನ್ನು ದಾಟಿ ಹದಿನೈದು ಮಿಲಿಮೀಟರ್ ಆಚೆ ಹೋಗಬೇಕು. ಮುಳ್ಳು ಕೂತಿರುವ ಕಾರ್ಟ್ರಿಜ್‌ನ ಹಿಂದೆ ನಾಲ್ಕು ಸಣ್ಣ ಕಡ್ಡಿಗಳಿವೆ, ಪ್ರತಿಯೊಂದಕ್ಕೂ ಒಂದು ಬಣ್ಣದ ಗುರುತು. ಕೈಯಿಂದ ಬರುವ ನಾಲ್ಕು ತಂತಿಗಳು ಕೆಂಪು, ಬಿಳಿ, ನೀಲಿ, ಹಸಿರು. ಆಯಾ ಬಣ್ಣಕ್ಕೆ ಆಯಾ ತಂತಿ. ಅದನ್ನು ಕೊನೆಗೆ ಮಾಡಿ.

ಕುರ್ಚಿಯನ್ನು ಅಲ್ಲೇ ಬಿಡಿ.

ಇತಿ


ಏಪ್ರಿಲ್ 20
(ಈ ಕಾಗದವನ್ನು ಆಗ ಅಂಚೆಗೆ ಹಾಕಲಿಲ್ಲ)

ಪ್ರಿಯ ಭಾಮೈದ,

ತೂತು ತಪ್ಪು ಜಾಗದಲ್ಲಿ ಕೊರೆದಿದ್ದೇನೆ. ಕಾರಣ ಹೇಳುತ್ತೇನೆ.

ಹೋದ ಮಳೆಗಾಲದಿಂದ ನನ್ನ ಎಡಗಣ್ಣು ಮಂಜಾಗುತ್ತ ಬಂತು. ವಯಸ್ಸು ಅಂದುಕೊಂಡೆ. ಈಗ ಅದರಲ್ಲಿ ಬೆಳಕು ಗೊತ್ತಾಗುತ್ತದೆ, ಮನುಷ್ಯರು ಗೊತ್ತಾಗುವುದಿಲ್ಲ. ಬಲಗಣ್ಣಿನಲ್ಲಿ ಎದುರಿಗಿರುವುದು ಕಾಣಿಸುತ್ತದೆ, ಅಂಚುಗಳು ಕರಗುತ್ತಿವೆ. ಎದುರಿನ ದಾರದ ಅಂಗಡಿಯವಳು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಬಂದು ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾಳೆ. ಹೊಲಿಗೆ ಹೇಗೋ ನಡೆಯುತ್ತದೆ. ನೆಟ್ಟಗೆ ಹೊಲಿಯುವುದು ಬೆರಳಿನ ಕೆಲಸ. ನಿನಗೆ ಕಳಿಸಿದ ಪ್ಯಾಟರ್ನೂ ಬೆರಳಿನ ಕೆಲಸವೇ, ಅದಕ್ಕೇ ಸರಿಹೋಯಿತು. ಅಂಕಿ ಓದುವುದು ಮಾತ್ರ ಕಣ್ಣಿನ ಕೆಲಸ.

ನಿನ್ನ ಸ್ಕೇಲನ್ನು ಬಿಸಿಲಿಗೆ ಹಿಡಿದು ಓದಿದೆ, ಸರಿ ಅಂದುಕೊಂಡೆ. ಕೊರೆದು ಕೂರಿಸಿದ ಮೇಲೆ ಯಾಕೋ ಅನುಮಾನ ಬಂದು ದಾರದ ಅಂಗಡಿಯವಳನ್ನು ಕರೆದು ಅಳೆಸಿದೆ. "ಇನ್ನೂರ ಮೂವತ್ತೆರಡಕ್ಕೆ ಹಾಕಿದ್ದೀರಲ್ಲ ಇವರೇ" ಅಂದಳು. ಮುಳ್ಳು ಕಡ್ಡಿಯನ್ನು ದಾಟುತ್ತಿರುವುದು ಐದೇ ಮಿಲಿಮೀಟರ್ ಅಂತೆ. ಪೂರ್ತಿ ಒಂದು ಸೆಂಟಿಮೀಟರ್ ತಪ್ಪು. ಒಂದು ಸೆಂಟಿಮೀಟರ್ ತಪ್ಪಿದ್ದರೆ ಜನ ನನಗೆ ಮದುವೆಯ ಕೋಟು ಕೊಡುತ್ತಿದ್ದರೇ?

ಇದನ್ನು ನಿನಗೆ ಬರೆಯಬೇಕೆಂದೇ ಕೂತೆ. ಆದರೆ ಬರೆದರೆ ಏನಾಗುತ್ತದೆ? ಕರುಣೆಗೆ ಕಾಗದ ಹಾಕಿದ ಮುದುಕ ಅಂದುಕೊಳ್ಳುತ್ತೀಯ. ಅಥವಾ "ಇದನ್ನೂ ಇಷ್ಟು ದಿನ ಮುಚ್ಚಿಟ್ಟಿರಾ" ಅಂತ ಇರುವ ಎಳೆಯನ್ನೂ ಕತ್ತರಿಸುತ್ತೀಯ. "ಕುರ್ಚಿಯನ್ನು ಅಲ್ಲೇ ಬಿಡಿ" ಅಂತ ಬರೆದಿದ್ದೀಯಲ್ಲ, ಹದಿನಾರು ತಿಂಗಳಲ್ಲಿ ನೀನು ನನಗೆ ಹೇಳಿದ ಮೊದಲ ಮನೆಯ ಮಾತು ಅದು. ಅದನ್ನು ಕಳೆದುಕೊಳ್ಳಲು ನನಗೆ ಭಯ.

ನಾಳೆ ಇನ್ನೊಂದು ಬರೆಯುತ್ತೇನೆ.


ಏಪ್ರಿಲ್ 21

ಪ್ರಿಯ ಭಾಮೈದ,

ನಗಬೇಡ. ನಗುವುದಾದರೆ ಬಾಗಿಲು ಹಾಕಿಕೊಂಡು ನಗು.

ನಿನ್ನ ಇನ್ನೂರ ಇಪ್ಪತ್ತೆರಡನ್ನು ಅಳೆದೆ, ಗುರುತು ಹಾಕಿದೆ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಒಂದು ಸೆಂಟಿಮೀಟರ್ ಆಚೆ ಸರಿದು ಇನ್ನೊಂದು ಗುರುತು ಹಾಕಿತು. ಮೂವತ್ತೆಂಟು ವರ್ಷದ ಅಭ್ಯಾಸ. ಯಾವ ಅಳತೆ ಕೊಟ್ಟರೂ ಹೊಲಿಗೆಗೆ ಅಂತ ಒಂದು ಸೆಂಟಿಮೀಟರ್ ಮಾರ್ಜಿನ್ ಬಿಡದೆ ಈ ಕೈ ಕತ್ತರಿ ಹಾಕುವುದಿಲ್ಲ. ಕೊರೆದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮುಳ್ಳು ಕಡ್ಡಿಯನ್ನು ದಾಟುತ್ತಿರುವುದು ಐದೇ ಮಿಲಿಮೀಟರ್.

ಹಾಳಾದ ಹಲಗೆಯನ್ನು ಕಳಿಸುತ್ತಿದ್ದೇನೆ. ಏನು ಮಾಡಬೇಕೆಂದು ಹೇಳು.

ನಿನ್ನ ಭಾವ


ಮೇ 6

ಭಾವ,

ಮಾರ್ಜಿನ್ ಬಿಟ್ಟಿರಾ? ಬಿಗಿಯಾದರೆ ಆಮೇಲೆ ಬಿಚ್ಚಿ ದೊಡ್ಡದು ಮಾಡೋಕೆ ಅದೇನು ಪ್ಯಾಂಟೇ?

ಬಾಗಿಲು ಹಾಕಿಕೊಳ್ಳಲಿಲ್ಲ. ವರ್ಕ್‌ಶಾಪಿನಲ್ಲಿ ಎಲ್ಲರ ಎದುರಿಗೇ ನಕ್ಕೆ. ಏನು ವಿಷಯ ಅಂತ ಕೇಳಿದರು, ಹಲಗೆ ತೋರಿಸಿ ಹೇಳಿದೆ. ಮೇಸ್ತ್ರಿಯಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಇಲ್ಲಿ ಸೇರಿ ಎರಡು ವರ್ಷವಾಗುತ್ತ ಬಂತು. ನನಗೆ ನಗಲು ಬರುತ್ತದೆ ಅಂತ ಅವರಿಗೆ ಗೊತ್ತಾದದ್ದು ಮೊನ್ನೆಯೇ ಇರಬೇಕು.

ಶಾಲೆಗೆ ನೀವು ಹೊಲಿದುಕೊಟ್ಟ ಪ್ಯಾಂಟುಗಳು ನೆನಪಾದವು. ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಟ್ಟಿರುತ್ತಿದ್ದಿರಿ. ನಾನು ಬೆಳೆದ ಹಾಗೆಲ್ಲ ವರ್ಷಕ್ಕೊಮ್ಮೆ ಬಿಚ್ಚಿ ಇಳಿಸುತ್ತಿದ್ದಿರಿ. ಇಳಿಸಿದ ಕಡೆ ಬಣ್ಣ ಮಾಸಿರುತ್ತಿರಲಿಲ್ಲವಲ್ಲ, ಕಾಲಿನ ತುದಿಯಲ್ಲಿ ಗಾಢವಾದ ಪಟ್ಟಿ ಕಾಣಿಸುತ್ತಿತ್ತು. ಹುಡುಗರು ಆ ಪಟ್ಟಿಗಳನ್ನು ಎಣಿಸಿ ನಾನು ಎಷ್ಟು ವರ್ಷದಿಂದ ಅದೇ ಪ್ಯಾಂಟು ಹಾಕುತ್ತಿದ್ದೇನೆ ಅಂತ ಹೇಳುತ್ತಿದ್ದರು. ಆಗ ನಿಮ್ಮ ಮೇಲೆ ಕೆಂಡದಂಥ ಸಿಟ್ಟು. ಮೊನ್ನೆ ಆ ಹಲಗೆ ಕೈಯಲ್ಲಿ ಹಿಡಿದಾಗ ಅನ್ನಿಸಿತು, ನಾನು ಬೆಳೆಯುತ್ತೇನೆ ಅಂತ ಮೊದಲೇ ಲೆಕ್ಕ ಹಾಕಿ ಬಟ್ಟೆ ಬಿಟ್ಟವರು ನೀವೊಬ್ಬರೇ.

ನಿಮ್ಮ ತೂತಿನಿಂದ ಹತ್ತು ಮಿಲಿಮೀಟರ್ ಒಳಕ್ಕೆ ಲೆಕ್ಕ ಹಾಕಿ ಹೊಸ ಹಲಗೆಗೆ ನಾನೇ ಕೊರೆದಿದ್ದೇನೆ. ಮಾರ್ಜಿನ್ ಬಿಟ್ಟಿಲ್ಲ. ನೀವು ಸ್ಕ್ರೂ ಹಾಕಿದರೆ ಸಾಕು.

ಅಕ್ಕನ ವಿಷಯ ಬರೆಯಬೇಡಿ ಅಂದಿದ್ದೆ. ಬರೆಯಿರಿ. ಆ ಐದು ವಾರ ಮಾತ್ರ ಬೇಡ. ಇಲ್ಲಿ ಅವಳನ್ನು ಕಂಡವರು ಯಾರೂ ಇಲ್ಲ. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಸ್ಟೌ, ಭಾನುವಾರ ಬಂದರೆ ಸಂಜೆಯವರೆಗೆ ಯಾರ ಹತ್ತಿರವೂ ಒಂದು ಮಾತಿಲ್ಲ. ಅವಳ ಹೆಸರನ್ನು ಜೋರಾಗಿ ಹೇಳಿ ಎಷ್ಟು ದಿನವಾಯಿತೋ.

ನಿಮ್ಮ ಭಾಮೈದ


ಜೂನ್ 11

ಪ್ರಿಯ ಭಾಮೈದ,

ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆಯಲಾಗಲಿಲ್ಲ. ನಾಲ್ಕು ಸಲ ಶುರು ಮಾಡಿ ಬಿಟ್ಟೆ. ಪ್ಯಾಂಟಿನ ವಿಷಯಕ್ಕೆ ನಾನು ಏನು ಬರೆಯಬೇಕೆಂದು ತಿಳಿಯಲಿಲ್ಲ, ಕ್ಷಮಿಸು.

ಅಕ್ಕನ ವಿಷಯ ಕೇಳಿದೆ. ಇದು ನಿನಗೆ ಗೊತ್ತಿರಲಾರದು. ರೆಕಾರ್ಡಿನ ಒಂದು ಬದಿ ಮುಗಿದರೆ ಅವಳು ಎದ್ದು ಬಂದು ಮುಂದಿನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಹೇಗಿತ್ತು?" ಅನ್ನುತ್ತಿದ್ದಳು. ನಾನು ಮೆಷೀನು ತುಳಿಯುತ್ತಲೇ "ಭಾಳ ಚೆನ್ನಾಗಿತ್ತು" ಅನ್ನುತ್ತಿದ್ದೆ. ಒಂದು ದಿನ ಅವಳು ಏನೂ ಹಾಕದೆ ಅರ್ಧ ಗಂಟೆ ಸುಮ್ಮನೆ ಕೂತಿದ್ದು ಬಂದು "ಹೇಗಿತ್ತು?" ಅಂದಳು. "ಇವತ್ತಿಂದಂತೂ ಭಾಳ ಚೆನ್ನಾಗಿತ್ತು" ಅಂದೆ. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅವಳೇ ನೆನೆಸಿಕೊಂಡು ನಗುತ್ತಿದ್ದಳು. ನನಗೆ ಈಗ ನಗು ಬರುವುದಿಲ್ಲ. ಎದ್ದು ಹೋಗಿ ಕೂರಬಹುದಿತ್ತು. ನಾಲ್ಕು ಹೆಜ್ಜೆ ದೂರ.

ಹಲಗೆ ಕೂತಿತು, ಕೈಯೂ ಕೂತಿತು. ಮುಳ್ಳು ಕಡ್ಡಿಯನ್ನು ದಾಟಿ ಹದಿನೈದಕ್ಕೇ ನಿಲ್ಲುತ್ತದೆ. ತಂತಿ ಸಿಕ್ಕಿಸಿ ರೆಕಾರ್ಡು ಹಾಕಿದೆ. ಮುಳ್ಳು ಎಗರುವುದು ನಿಂತಿದೆ, ಆದರೆ ಒಂದೇ ಸಮನೆ ಗುಂಯ್ ಅನ್ನುತ್ತದೆ, ಗೂಡಿನಲ್ಲಿ ಜೇನು ಸೇರಿಕೊಂಡ ಹಾಗೆ. ಪಿಟೀಲು ತೆಳ್ಳಗೆ ಎಲ್ಲೋ ಗೋಡೆಯ ಹಿಂದೆ ನುಡಿಯುತ್ತದೆ. ಯಾಕಿರಬಹುದು?

ನಿನ್ನ ಭಾವ


ಜುಲೈ 1

ಭಾವ,

ಅಕ್ಕ ನನಗೂ ಹಾಗೆಯೇ ಮಾಡಿದ್ದಳು. ನಾನು ಗಣಿತದ ಪುಸ್ತಕದೊಳಗೆ ಕಾಮಿಕ್ಸ್ ಇಟ್ಟುಕೊಂಡು ಓದುತ್ತಿದ್ದಾಗ ಪುಸ್ತಕದಲ್ಲೇ ಇಲ್ಲದ ಲೆಕ್ಕ ಕೇಳಿದಳು, ಮಾಡಿದೆ ಅಂದುಬಿಟ್ಟೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಇನ್ನೂ ಇದ್ದರೆ ಬರೆಯಿರಿ.

ಗುಂಯ್ ಅನ್ನುವುದಕ್ಕೆ ಕಾರಣ ತಂತಿ. ನೀವು ಹೇಳುವ ಲಕ್ಷಣ ನೋಡಿದರೆ ನೀಲಿಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ನೀಲಿ ಹೋಗಿದೆ. ಅದಲುಬದಲು ಮಾಡಿ, ಜೇನು ಹಾರಿಹೋಗುತ್ತದೆ.

ಆದರೆ ನೀಲಿ ಯಾವುದು ಹಸಿರು ಯಾವುದು ಗೊತ್ತಾಗದ ದರ್ಜಿಯನ್ನು ನಾನು ಇವತ್ತೇ ನೋಡಿದ್ದು. ನೂರು ರೀಲಿನ ನಡುವಿನಿಂದ ಶರ್ಟಿಗೆ ಹೊಂದುವ ದಾರವನ್ನು ನೋಡದೆಯೇ ಎತ್ತುತ್ತಿದ್ದವರು ನೀವು. ಅಂಗಡಿಯ ಟ್ಯೂಬ್‌ಲೈಟು ಹಳೆಯದಾಗಿ ಮಂಕಾಗಿರಬೇಕು. ಬದಲಾಯಿಸಿ.

ವರ್ಕ್‌ಶಾಪಿನಲ್ಲಿ ದಿನಾ ಕೇಳುತ್ತಾರೆ, "ನಿಮ್ಮ ಮಾರ್ಜಿನ್ ಭಾವ ಏನಂತಾರೆ?" ಅಂತ. ನನಗೆ ಮನೆಯಿಂದ ಕಾಗದ ಬರುತ್ತದೆ ಅಂತ ಈಗ ಎಲ್ಲರಿಗೂ ಗೊತ್ತು.

ನಿಮ್ಮ ಭಾಮೈದ


ಜುಲೈ 9

ಪ್ರಿಯ ಭಾಮೈದ,

ಟ್ಯೂಬ್‌ಲೈಟು ಚೆನ್ನಾಗಿಯೇ ಇದೆ. ಕೆಟ್ಟಿರುವುದು ನನ್ನ ಕಣ್ಣು.

ಇದರ ಜೊತೆ ಇನ್ನೊಂದು ಕಾಗದ ಇದೆ, ಏಪ್ರಿಲ್ ಇಪ್ಪತ್ತರದು. ಮೊದಲು ಅದನ್ನು ಓದಿ ಆಮೇಲೆ ಇದನ್ನು ಓದು. ಅದನ್ನು ಬರೆದು ಡ್ರಾಯರಿನಲ್ಲಿಟ್ಟು, ಮಾರನೇ ದಿನ ನಿನಗೆ ಮಾರ್ಜಿನ್ ಕತೆ ಕಟ್ಟಿ ಹಾಕಿದೆ. ಅದು ಸುಳ್ಳು. ಮೂವತ್ತೆಂಟು ವರ್ಷದಲ್ಲಿ ಈ ಕೈ ಹೇಳಿದ ಕಡೆ ಬಿಟ್ಟು ಬೇರೆ ಕಡೆ ಗುರುತು ಹಾಕಿದ್ದೇ ಇಲ್ಲ. ಸ್ಕೇಲಿನ ಅಂಕಿ ನನಗೆ ಕಾಣಿಸಲಿಲ್ಲ. ತಂತಿಯ ಬಣ್ಣವೂ ಕಾಣಿಸಲಿಲ್ಲ. ನೀಲಿ ಹಸಿರು ಎರಡೂ ನನಗೆ ಈಗ ಒಂದೇ, ಬೂದಿ ಬಣ್ಣ.

ಟ್ಯೂಬ್‌ಲೈಟಿನ ನೆಪವನ್ನು ನೀನೇ ಕೈಯಲ್ಲಿಟ್ಟುಕೊಟ್ಟಿದ್ದೆ. ಮೂರು ದಿನ ಅದನ್ನೇ ಹಿಡಿದುಕೊಂಡು ಓಡಾಡಿದೆ. "ಹೌದು ಕಣೋ, ಬದಲಾಯಿಸಿದೆ" ಅಂದುಬಿಟ್ಟಿದ್ದರೆ ಇನ್ನೊಂದು ಕಾಗದ ಬರುತ್ತಿತ್ತು, ನೀನು ಇನ್ನೊಂದು ಸಲ ನಗುತ್ತಿದ್ದೆ. ನಾನು ನಗಿಸಿದ್ದು ಸುಳ್ಳು ಹೇಳಿ. ಆ ಸುಳ್ಳಿನ ಮೇಲೆ ನೀನು ನಿನ್ನ ಶಾಲೆಯ ಪ್ಯಾಂಟನ್ನು ಬಿಚ್ಚಿ ತೋರಿಸಿದೆ. ಅದಕ್ಕೇ ನನ್ನ ಪೆನ್ನು ಓಡಲಿಲ್ಲ.

ಎಡಗಣ್ಣು ಹೋಯಿತು ಅಂತಲೇ ಲೆಕ್ಕ. ಬಲಗಣ್ಣಿನೊಳಗೂ ಒತ್ತಡ ಏರಿದೆ. ಇಪ್ಪತ್ನಾಲ್ಕನೇ ತಾರೀಖು ಬೆಳಿಗ್ಗೆ ಆಪರೇಷನ್ ಮಾಡುತ್ತಾರೆ. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸೋಕೆ ನೋಡ್ತೀವಿ. ಉಳಿಯುತ್ತೆ ಅಂತ ಬರೆದುಕೊಡೋಕೆ ಆಗಲ್ಲ" ಅಂದರು ಡಾಕ್ಟರಮ್ಮ. ಜೊತೆಗೆ ಯಾರಿರುತ್ತಾರೆ ಅಂತ ಬರೆಯಲು ಫಾರಂನಲ್ಲಿ ಒಂದು ಗೆರೆ ಇತ್ತು. ಖಾಲಿ ಬಿಟ್ಟು ಬಂದೆ. ನಿನ್ನನ್ನು ಕೇಳದೆ ನಿನ್ನ ಹೆಸರು ಬರೆಯುವ ಹಕ್ಕು ನನಗಿಲ್ಲ.

ಭಯವಾಗುತ್ತಿದೆ. ಕುರುಡನಾಗುತ್ತೇನೆ ಅನ್ನುವ ಭಯ ಒಂದು. ಅದಕ್ಕಿಂತ ದೊಡ್ಡದು ಇದನ್ನು ಓದಿ ನೀನು ಮತ್ತೆ ಬರೆಯದೆ ಹೋಗುತ್ತೀಯ ಅನ್ನುವುದು. ಆದರೂ ಹೇಳುತ್ತಿದ್ದೇನೆ. ಅವಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದು ಅವಳ ಮಾತಿಗೆ ಕಟ್ಟುಬಿದ್ದು. ನನ್ನ ವಿಷಯದಲ್ಲಿ ನನ್ನ ಬಾಯಿಗೆ ಬೀಗ ಹಾಕಿದವರು ಯಾರೂ ಇಲ್ಲ. ಈ ಸಲವೂ ನಿನಗೆ ಆಮೇಲೆ ಗೊತ್ತಾದರೆ ಆ ತಪ್ಪು ಪೂರ್ತಿ ನನ್ನದೇ.

ದಾರದ ಅಂಗಡಿಯವಳಿಂದ ತಂತಿ ಅದಲುಬದಲು ಮಾಡಿಸಿದೆ. ಗುಂಯ್ ನಿಂತಿತು. ಮೊನ್ನೆ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಒಳಗೆ ಹೋಗಿ, ಕುರ್ಚಿಯಲ್ಲಿ ಕೂರದೆ ಅದರ ಪಕ್ಕ ನೆಲದ ಮೇಲೆ ಕೂತು ಒಂದು ಬದಿ ಪೂರ್ತಿ ಕೇಳಿದೆ. ಇಪ್ಪತ್ತೆರಡು ನಿಮಿಷ. ನಿನ್ನ ಕೈಯಲ್ಲಿ ದೋಷವಿಲ್ಲ, ಎಲ್ಲೂ ಎಗರಲಿಲ್ಲ, ಕೆರೆಯಲಿಲ್ಲ. ಮುಗಿದ ಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಹೇಗಿತ್ತು ಅಂತ ಕೇಳುವವರು ಯಾರೂ ಬರಲಿಲ್ಲ.

ಕೆಲಸ ಮುಗಿಯಿತು. ಇನ್ನು ನಿನಗೆ ಬರೆಯಲು ನನ್ನ ಹತ್ತಿರ ಕೆಲಸದ ಮಾತು ಉಳಿದಿಲ್ಲ.

ನಿನ್ನ ಭಾವ


ಜುಲೈ 13

ಭಾವ,

ಎರಡೂ ಕಾಗದ ಇವತ್ತು ಊಟದ ಹೊತ್ತಿಗೆ ಬಂದವು. ನೀವು ಹೇಳಿದ ಕ್ರಮದಲ್ಲೇ ಓದಿದೆ.

ಸಿಟ್ಟು ಬಂತು. ಲೇತು ನಿಲ್ಲಿಸಿ ಹೊರಗೆ ಹೋಗಿ ನಿಂತೆ. ಆ ಮಾರ್ಜಿನ್ ಕತೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವನಿಗೂ ಹೇಳಿದ್ದೇನೆ. ಕಣ್ಣು ಕಾಣದೆ ಬಿಸಿಲಿಗೆ ಸ್ಕೇಲು ಹಿಡಿದ ಮನುಷ್ಯನನ್ನು ನೆನೆದು ಎರಡು ತಿಂಗಳು ನಕ್ಕಿದ್ದೇನೆ. ಇದನ್ನು ನಾನು ಇಷ್ಟು ಬೇಗ ಮರೆಯುವವನಲ್ಲ, ಎದುರಿಗೆ ಸಿಕ್ಕಾಗ ಬೈಯುವುದಿದೆ.

ಆಮೇಲೆ ಒಳಗೆ ಬಂದು ಗೋಡೆಯ ಕ್ಯಾಲೆಂಡರ್ ನೋಡಿದೆ. ಇಪ್ಪತ್ನಾಲ್ಕಕ್ಕೆ ಇನ್ನೂ ಹನ್ನೊಂದು ದಿನ ಇದೆ. ಅಕ್ಕನ ಸುದ್ದಿ ನನಗೆ ಮುಟ್ಟಿದ್ದು ಅವಳು ಹೋಗಿ ನಾಲ್ಕು ಗಂಟೆಯಾದ ಮೇಲೆ. ನೀವು ಹನ್ನೊಂದು ದಿನ ಮುಂಚೆ ಹೇಳಿದ್ದೀರಿ. ಬೆರಳು ಮಡಚಿ ಮತ್ತೆ ಎಣಿಸಿದೆ, ಹನ್ನೊಂದೇ.

ಆಗ ನನಗೆ ಹನ್ನೊಂದು ದಿನ ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಅಂತ ಯೋಚಿಸಿದೆ. ಇಷ್ಟು ತಿಂಗಳೂ ದೊಡ್ಡದೊಡ್ಡದನ್ನೇ ಅಂದುಕೊಂಡಿದ್ದೆ. ಬೇರೆ ಆಸ್ಪತ್ರೆಗೆ ಸೇರಿಸುತ್ತಿದ್ದೆ, ಬೇರೆ ಡಾಕ್ಟರನ್ನು ಹುಡುಕುತ್ತಿದ್ದೆ, ಉಳಿಸಿಕೊಳ್ಳುತ್ತಿದ್ದೆ ಅಂತ. ಅದೆಲ್ಲ ಸುಳ್ಳು ಭಾವ. ನನ್ನಿಂದ ಏನೂ ಆಗುತ್ತಿರಲಿಲ್ಲ. ಮಂಚದ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು ಸುಮ್ಮನೆ ಕೂತಿರುತ್ತಿದ್ದೆ. ಅಷ್ಟೇ. ಅಷ್ಟೂ ಸಿಗಲಿಲ್ಲ ಅಂತಲೇ ನನ್ನ ಸಂಕಟವೆಲ್ಲ.

ಇಪ್ಪತ್ತೆರಡರಿಂದ ರಜೆ ಕೇಳಿದೆ, ಕೊಟ್ಟರು. ಬಂದು ನಿಮ್ಮ ಪಕ್ಕ ಕೂರುತ್ತೇನೆ.

ನಿಮ್ಮ ಭಾಮೈದ